ಎಲೆಗಳು ಇಟ್ಟ ಲೆಕ್ಕ

ಎಲೆಯ ಮೈಮೇಲೆ, ಬಹಳ ಗಿಡಗಳಲ್ಲಿ ಕೆಳಮಗ್ಗುಲಿಗೆ, ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಶಾಲೆಗೆ ಹೋಗುವ ಮಕ್ಕಳು ಇವನ್ನು ಪತ್ರರಂಧ್ರ ಎಂದು ಓದಿರುತ್ತಾರೆ. ಒಂದೊಂದು ರಂಧ್ರಕ್ಕೂ ಎರಡು ಕದಗಳಂತೆ ಎರಡು ಜೀವಕೋಶಗಳು. ಕದ ತೆರೆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ. ಅದರಿಂದಲೇ ಗಿಡ ಆಹಾರ ಮಾಡಿಕೊಳ್ಳುತ್ತದೆ. ಆದರೆ ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಂದು ಕೊಟ್ಟು ಒಂದು ತರುವ ವ್ಯವಹಾರ, ನಮ್ಮ ಅಂಗಡಿಯ ಹಾಗೆಯೇ.

ಗಾಳಿಯಲ್ಲಿ ಈ ಅನಿಲ ಹೆಚ್ಚಾದರೆ? ಕಡಿಮೆ ಬಾಗಿಲು ಸಾಕು. 1987ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವುಡ್‌ವರ್ಡ್ ಎಂಬ ಸಸ್ಯವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಅಲ್ಲಿ ಹಿಂದಿನವರು ಎಲೆಗಳನ್ನು ಒಣಗಿಸಿ, ಕಾಗದಕ್ಕೆ ಅಂಟಿಸಿ, ಕಿತ್ತ ತಾರೀಖು ಬರೆದು ಜೋಪಾನವಾಗಿ ಇಟ್ಟಿದ್ದರು. ಎಂಟು ಜಾತಿಯ ಗಿಡಮರಗಳ ಇನ್ನೂರು ವರ್ಷಗಳ ಎಲೆ ತೆಗೆದು ರಂಧ್ರ ಎಣಿಸಿದರೆ, ಅಷ್ಟೇ ಜಾಗದಲ್ಲಿ ಸುಮಾರು ಶೇಕಡಾ 40ರಷ್ಟು ಕಡಿಮೆಯಾಗಿದ್ದವು! ಆ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಯ ಹತ್ತು ಲಕ್ಷ ಭಾಗಕ್ಕೆ 280ರಿಂದ 340ಕ್ಕೆ ಏರಿತ್ತು. ತಾರೀಖು ಹಾಕದೆ ಇಟ್ಟಿದ್ದರೆ ಆ ಎಲೆಗಳಿಗೆ ಹಳೆಯ ಕಿರ್ದಿಯ ಹರಿದ ಹಾಳೆಯಷ್ಟೇ ಬೆಲೆ.

ಬಲಿತ ಎಲೆಯಲ್ಲಿ ರಂಧ್ರಗಳ ಸಂಖ್ಯೆ ಬದಲಾಗದು. ಚಿಗುರಾಗಿದ್ದಾಗಲೇ ಅದರ ತೀರ್ಮಾನ. ಹಳೆಯ ಎಲೆ ಗಾಳಿಯನ್ನು ಅರಿತು ಚಿಗುರಿಗೆ ಸುದ್ದಿ ಮುಟ್ಟಿಸುತ್ತದೆಂದು ಸಾಸಿವೆ ಕುಲದ ಪುಟ್ಟ ಗಿಡವೊಂದರ ಮೇಲೆ ನಡೆದ ಪ್ರಯೋಗದಿಂದ 2001ರಲ್ಲಿ ತಿಳಿಯಿತು. ಮನೆಯ ಹಿರಿಯರು ಪೇಟೆಯ ಧಾರಣೆ ನೋಡಿ ಬಂದು ಮಕ್ಕಳಿಗೆ ಹೇಳಿದ ಹಾಗೆ! ಎಲ್ಲ ಗಿಡಗಳೂ ಹೀಗೆ ನಡೆಯುವುದಿಲ್ಲ. ಕೆಲವು ಜಪ್ಪಯ್ಯ ಎಂದರೂ ಬದಲಾಗುವುದಿಲ್ಲ.

ಈಗ ಆ 340 ಎಂಬುದು 420ನ್ನೂ ದಾಟಿದೆ. ನೀರು ಉಳಿಯಿತಲ್ಲ, ಲಾಭವೇ ಆಯಿತು ಎನ್ನುವವರಿದ್ದಾರೆ. ನಾವು ಅಷ್ಟು ಬೇಗ ಜಮಾ ಬರೆಯಲಾರೆವು. ನೀರು ಆವಿಯಾಗುವುದರಿಂದಲೇ ಎಲೆ ತಂಪಾಗಿರುವುದು. ಬಿಸಿಲೂ ಏರುತ್ತಿರುವ ಕಾಲದಲ್ಲಿ ಬಾಗಿಲು ಕಡಿಮೆಯಾದರೆ ಎಲೆ ಕಾಯುತ್ತದೆ. ಇನ್ನೊಂದು ಸಂಗತಿ ನಮ್ಮ ಅಡುಗೆಮನೆಗೇ ಸೇರಿದ್ದು. ಈ ಅನಿಲವನ್ನು 550ರ ಆಸುಪಾಸಿಗೆ ಏರಿಸಿ ಬೆಳೆದ ಗೋಧಿಯಲ್ಲಿ ಸತು ಶೇಕಡಾ 9ರಷ್ಟು, ಕಬ್ಬಿಣ ಶೇಕಡಾ 5ರಷ್ಟು ಕಡಿಮೆಯಿತ್ತೆಂದು 2014ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬೇರಿನಿಂದ ಎಲೆಗೆ ನೀರಿನ ಹರಿವು ತಗ್ಗುವುದೂ ಇದಕ್ಕೆ ಒಂದು ಕಾರಣವಿರಬಹುದೆನ್ನುತ್ತಾರೆ. ಚೀಲದ ತೂಕ ಸರಿಯಾಗಿಯೇ ಇರುತ್ತದೆ, ಕೊರತೆ ತಕ್ಕಡಿಗೆ ತಿಳಿಯದು. ಬಟಾಣಿ, ಸೋಯಾಬೀನ್‌ಗಳಲ್ಲೂ ಸತು, ಕಬ್ಬಿಣ ತಗ್ಗಿದ್ದವು. ಕಾಳುಕಡಿಯನ್ನೇ ನಂಬಿದ ನಮ್ಮ ಮನೆಗಳಿಗೆ ಇದು ಸಣ್ಣ ಮಾತಲ್ಲ. ಜೋಳದಲ್ಲಿ ಮಾತ್ರ ಇಳಿಕೆ ಅಷ್ಟಾಗಿ ಕಾಣಲಿಲ್ಲ.