ತೂಕ ಇಳಿಯುವಾಗ ಏರುವ ಸಿಟ್ಟು

ವ್ಯಾಪಾರಸ್ಥನ ಬಂಡವಾಳದಲ್ಲಿ ಖಾತೆ ಪುಸ್ತಕಕ್ಕೆ ಸೇರದ ಬಾಬತ್ತೊಂದಿದೆ. ಅದು ಆತನ ಸಮಾಧಾನ. ತೊಗರಿ ತಂದ ರೈತನೊಡನೆ ಧಾರಣೆಯ ಮಾತು, ಹಳೆಯ ಉದ್ದರಿಯ ವಸೂಲಿ, ಹಮಾಲರ ಕೂಲಿಯ ತಕರಾರು, ಬ್ಯಾಂಕಿನವರೊಡನೆ ಸಾಲದ ಮಿತಿಯ ಚರ್ಚೆ, ಇವೆಲ್ಲವೂ ಒಂದೇ ದಿನದಲ್ಲಿ, ಒಂದೇ ಬಾಯಿಂದ ನಡೆಯಬೇಕು. ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿಯಾಗಲಿ, ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲಾಗಲಿ, ಕಮಲಾಪುರದ ಕಿರಾಣಿ ಅಂಗಡಿಯಾಗಲಿ, ಮಾಲೀಕನ ನಾಲಗೆ ಹದ ತಪ್ಪಿದ ದಿನ ವ್ಯವಹಾರವೂ ಹದ ತಪ್ಪುತ್ತದೆ.

ವೈದ್ಯರ ಸಲಹೆಯ ಮೇರೆಗೆ ತೂಕ ಇಳಿಸಲು ಹೊರಟ ಅನೇಕರಲ್ಲಿ ಈ ಹದ ತಪ್ಪುವುದುಂಟು. ಮೊದಲ ವಾರದಲ್ಲಿ ವಿಪರೀತ ಉತ್ಸಾಹ, ಮೂರನೆಯ ವಾರದಲ್ಲಿ ಸಣ್ಣ ಮಾತಿಗೂ ಕೋಪ, ಎರಡನೆಯ ತಿಂಗಳಲ್ಲಿ ಕಾರಣವಿಲ್ಲದ ಬೇಸರ ಕಾಣಿಸಿಕೊಳ್ಳಬಹುದು. "ಸಾವಕಾರರು ಮೊದಲಿನಂತಿಲ್ಲ" ಎಂದು ಗುಮಾಸ್ತರು ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ. ಸಾವಕಾರರಿಗೆ ಮಾತ್ರ ಸುತ್ತಲಿನವರೇ ಬದಲಾದಂತೆ ತೋರುತ್ತದೆ. ಇದು ಸ್ವಭಾವದ ದೋಷವಲ್ಲ, ಬಹುಮಟ್ಟಿಗೆ ದೇಹದ ವ್ಯಾಪಾರ. ಮುಂಚಿತವಾಗಿ ಅರಿತಿದ್ದರೆ ಇದರ ನಷ್ಟವನ್ನು ತಗ್ಗಿಸಬಹುದು. ಅರಿಯದಿದ್ದರೆ ಹತ್ತು ಕಿಲೋ ತೂಕದ ಜೊತೆಗೆ ಹತ್ತು ವರ್ಷದ ಗಿರಾಕಿಯೂ ಹೋದಾನು.

ತೂಕ ಇಳಿಸುವುದು ಅಗತ್ಯವೇ?

ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ಒಂದು ಲಕ್ಷಕ್ಕೂ ಅಧಿಕ ವಯಸ್ಕರ ಸಮೀಕ್ಷೆ ನಡೆಯಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ ಮಧುಮೇಹವಿದೆ, ಶೇ. 35.5ರಷ್ಟು ಜನರಿಗೆ ರಕ್ತದೊತ್ತಡವಿದೆ, ಶೇ. 39.5ರಷ್ಟು ಜನರಲ್ಲಿ ಹೊಟ್ಟೆಯ ಬೊಜ್ಜು ಇದೆ. ದಿನವಿಡೀ ಗಲ್ಲಾದ ಮುಂದೆ ಕುಳಿತಿರುವ ನಮ್ಮ ವರ್ಗ ಇದಕ್ಕೆ ಹೊರತಾಗಿರಲು ಕಾರಣವಿಲ್ಲ. ದೇಹತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ಬರಲು ನೆರವಾಗುತ್ತದೆ. ಆದ್ದರಿಂದ ಪ್ರಶ್ನೆ ಇಳಿಸಬೇಕೇ ಎಂಬುದಲ್ಲ, ಯಾವ ಬೆಲೆಗೆ ಇಳಿಸಬೇಕು ಎಂಬುದು.

ಸಿಟ್ಟಿನ ಮೂಲ

ಮನುಷ್ಯನ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹದ ಶಕ್ತಿಯ ಸುಮಾರು ಐದನೆಯ ಒಂದು ಪಾಲನ್ನು ಅದೇ ಖರ್ಚು ಮಾಡುತ್ತದೆ. ಆಹಾರ ಹೊತ್ತಿಗೆ ಸರಿಯಾಗಿ ಬಾರದಿದ್ದಾಗ, ರಕ್ತದ ಸಕ್ಕರೆಯನ್ನು ಕಾಯ್ದುಕೊಳ್ಳಲು ದೇಹವು ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸದೂತಗಳನ್ನು ಹೊರಡಿಸುತ್ತದೆ. ಅಪಾಯ ಎದುರಾದಾಗ ಹೊರಡುವವೂ ಇವೇ. ಹಸಿದವನು ಜಗಳಕ್ಕೆ ಸಿದ್ಧನಾಗಿರುವಂತೆ ಕಾಣುವುದು ಇದರಿಂದಲೂ ಹೌದು.

ಇದಲ್ಲದೆ ಕೊಬ್ಬಿನ ಜೀವಕೋಶಗಳು ಹೊರಡಿಸುವ, ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಎಂಬ ರಸದೂತ 1994ರಲ್ಲಿಯೂ, ಜಠರವು ಹೊರಡಿಸುವ, ಹಸಿವನ್ನು ಕೆರಳಿಸುವ ಗ್ರೆಲಿನ್ 1999ರಲ್ಲಿಯೂ ಪತ್ತೆಯಾದವು. ತೂಕ ಇಳಿದಾಗ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಹೆಚ್ಚುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ಕಡಿಮೆ ಆಹಾರದಲ್ಲಿದ್ದು ತೂಕ ಇಳಿಸಿಕೊಂಡವರ ದೇಹದಲ್ಲಿ ಈ ಏರುಪೇರು ಒಂದು ವರ್ಷದ ಬಳಿಕವೂ ಉಳಿದಿತ್ತು. ಇನ್ನು ಯೂರೋಪಿನಲ್ಲಿ 64 ಮಂದಿಯ ಹಸಿವು ಮತ್ತು ಭಾವನೆಗಳನ್ನು ಮೂರು ವಾರ ಕಾಲ ದಿನಕ್ಕೆ ಹಲವು ಬಾರಿ ದಾಖಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಹಸಿವು ಹೆಚ್ಚಿದ ಹೊತ್ತಿನಲ್ಲಿ ಕೋಪ, ಕಿರಿಕಿರಿಗಳೂ ಹೆಚ್ಚಿದ್ದುದು ಅದರಲ್ಲಿ ಕಂಡುಬಂತು.

ಈ ವಿಷಯದಲ್ಲಿ ಇಂದಿಗೂ ಉದಾಹರಿಸಲ್ಪಡುವ ಪ್ರಯೋಗ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ್ದು. ಯುದ್ಧಕಾಲದ ಹಸಿವಿನ ಪರಿಣಾಮಗಳನ್ನು ಅರಿಯಲು 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿದರು. ಅವರ ತೂಕ ನೂರಕ್ಕೆ ಸುಮಾರು 25ರಷ್ಟು ಇಳಿಯಿತು. ಶಾಂತಿಪ್ರಿಯರೆಂದೇ ಯುದ್ಧಸೇವೆಯನ್ನು ನಿರಾಕರಿಸಿದ್ದ ಆ ಯುವಕರು ಸಿಡುಕರಾದರು, ಖಿನ್ನರಾದರು, ಗೆಳೆಯರಿಂದ ದೂರವಾದರು, ಹಗಲಿರುಳು ಊಟದ ಯೋಚನೆಯಲ್ಲಿಯೇ ಮುಳುಗಿದರು. ಮತ್ತೆ ಊಟ ಹೆಚ್ಚಿಸಿದ ಕೂಡಲೇ ಮನಸ್ಸು ಸರಿಹೋಗಲಿಲ್ಲ, ಅದಕ್ಕೆ ತಿಂಗಳುಗಳೇ ಹಿಡಿದವು. ಅವರು ಬೊಜ್ಜುಳ್ಳವರಾಗಿರಲಿಲ್ಲವಾದ್ದರಿಂದ ಆ ಫಲಿತಾಂಶವನ್ನು ನಮಗೆ ಯಥಾವತ್ತಾಗಿ ಅನ್ವಯಿಸಲಾಗದು. ವೈದ್ಯರ ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ತೂಕ ಇಳಿಸಿದವರ ಮನಃಸ್ಥಿತಿ ಸಾಮಾನ್ಯವಾಗಿ ಸುಧಾರಿಸುತ್ತದೆಂಬುದನ್ನೂ ಹಲವು ಅಧ್ಯಯನಗಳು ತೋರಿಸಿವೆ. ಎರಡನ್ನೂ ಕೂಡಿಸಿ ನೋಡಿದರೆ ತಿಳಿಯುವುದಿಷ್ಟು: ಅಪಾಯವಿರುವುದು ಇಳಿಕೆಯಲ್ಲಿ ಅಲ್ಲ, ಅವಸರದಲ್ಲಿ.

ಅಂಗಡಿಯ ದಿನಚರಿಯಲ್ಲಿ ಅಡಗಿರುವ ಕಾರಣಗಳು

ನಮ್ಮಲ್ಲಿ ಪ್ರತಿ ವ್ಯವಹಾರಕ್ಕೂ ಒಂದು ಚಹಾ. ಎರಡು ಚಮಚ ಸಕ್ಕರೆಯ ಒಂದು ಕಪ್ಪಿನಲ್ಲಿ ಸಕ್ಕರೆಯೊಂದರಿಂದಲೇ ಸುಮಾರು 40 ಕ್ಯಾಲೊರಿ. ದಿನಕ್ಕೆ ಹತ್ತು ಕಪ್ಪಾದರೆ 400. ಇದನ್ನು ಕಡಿಮೆ ಮಾಡಬೇಕಾದುದು ಸರಿಯೇ. ಆದರೆ ಸೋಮವಾರದಿಂದ ಚಹಾ ಬಂದ್ ಎಂದು ಒಮ್ಮೆಲೇ ನಿಲ್ಲಿಸಿದವರಿಗೆ ಒಂದು ದಿನದೊಳಗೆ ತಲೆನೋವು, ಆಲಸ್ಯ, ಕಿರಿಕಿರಿ ಆರಂಭವಾಗುತ್ತವೆ. ಅದು ಕೆಫೀನ್ ತಪ್ಪಿದುದರ ಫಲ. ಒಂದು ವಾರದವರೆಗೂ ಇರಬಹುದು. ಮೊದಲು ಸಕ್ಕರೆಯನ್ನು ಅರ್ಧಕ್ಕಿಳಿಸಿ, ಅನಂತರ ಕಪ್ಪುಗಳನ್ನು ವಾರಕ್ಕೆರಡರಂತೆ ಕಡಿಮೆ ಮಾಡುವುದು ಲೇಸು.

ಎರಡನೆಯ ಕಾರಣ ಸಂಬಂಧಗಳದು. ಸಂಜೆ ಬಾಗಿಲು ಮುಚ್ಚುವ ಮುನ್ನ ನೆರೆಯ ಅಂಗಡಿಯವರೊಡನೆ ಮಿರ್ಚಿ ಭಜ್ಜಿ, ಸೂಸಲ. ಮದುವೆಯ ಪಂಕ್ತಿಯಲ್ಲಿ ಮಾಲ್ಪುರಿ. ಗೆಳೆಯರ ಮನೆಯಲ್ಲಿ ತಹರಿ. ಇವು ತಿನಿಸುಗಳಷ್ಟೇ ಅಲ್ಲ, ದಿನದ ದಣಿವನ್ನು ಇಳಿಸುವ ಹಾದಿಗಳೂ ಹೌದು. ತಿನಿಸನ್ನು ಬಿಟ್ಟಾಗ ಅದರ ಜೊತೆಗಿದ್ದ ಹರಟೆಯೂ ನಿಲ್ಲುತ್ತದೆ. ಒಳಗೆ ಉಳಿದ ದಣಿವು ಮನೆಯವರ ಮೇಲೆ, ಆಳುಗಳ ಮೇಲೆ ಹರಿಯುತ್ತದೆ. ಆದ್ದರಿಂದ ಭಜ್ಜಿಯನ್ನು ಬಿಡಬೇಕೇ ಹೊರತು ಬೈಠಕ್ಕನ್ನಲ್ಲ. ಅದೇ ಗೆಳೆಯರೊಡನೆ ಅರ್ಧ ಗಂಟೆ ನಡೆದು ಮಾತಾಡಿದರೆ ಎರಡೂ ಉಳಿಯುತ್ತವೆ.

ಮೂರನೆಯದು ಊಟದ ಹೊತ್ತು. ಕಮಲಾಪುರದ ಅಂಗಡಿಕಾರರು ಮಾಲು ಕೊಳ್ಳಲು ಬೆಳಿಗ್ಗೆ ಕಲಬುರಗಿಗೆ ಹೊರಟರೆ ಮರಳುವುದು ಸಂಜೆಗೆ. ರೊಟ್ಟಿ ತಿಂದರೆ ತೂಕ ಏರುತ್ತದೆಂಬ ಭಯದಿಂದ ಬೆಳಗಿನ ಊಟವನ್ನೇ ಬಿಟ್ಟು ಹೊರಟವರು ಮಧ್ಯಾಹ್ನದ ಬಿಸಿಲಿನಲ್ಲಿ ಚೌಕಾಸಿಗೆ ನಿಂತಾಗ ತಾಳ್ಮೆ ಉಳಿಯುವುದೆಂತು? ಅಗ್ಗದ ಮಾಲನ್ನು ಮುಂಗೋಪದಿಂದ ಬಿಟ್ಟು ಬಂದವರೂ, ಬೇಸರದಿಂದ ಹೇಳಿದ ಬೆಲೆಗೆ ಒಪ್ಪಿ ಬಂದವರೂ ನಷ್ಟ ಹೊಂದಿದವರೇ.

ಸಿಟ್ಟೆಂದು ತಿಳಿದು ಕಡೆಗಣಿಸಬಾರದ ಲಕ್ಷಣ

ಮಧುಮೇಹಕ್ಕಾಗಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು. ಔಷಧದ ಪ್ರಮಾಣ ಹಿಂದಿನಷ್ಟೇ ಇದ್ದು ಊಟ ಕಡಿಮೆಯಾದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಬೆವರು, ಕೈನಡುಕ, ಎದೆ ಬಡಿತಗಳೊಂದಿಗೆ ಏಕಾಏಕಿ ಕೋಪ, ಅಸಂಬದ್ಧ ಮಾತು ಕಾಣಿಸಿಕೊಳ್ಳುತ್ತವೆ. ಸುತ್ತಲಿನವರು ಇದನ್ನು ಯಜಮಾನರ ಮುನಿಸೆಂದು ತಿಳಿದು ದೂರ ಸರಿದರೆ ಪ್ರಾಣಕ್ಕೇ ಅಪಾಯ. ಹುಮನಾಬಾದ್ ರಸ್ತೆಯಲ್ಲಿ ದ್ವಿಚಕ್ರ ವಾಹನದ ಮೇಲೆ ಹೊರಟಿರುವಾಗ ಇದು ಸಂಭವಿಸಿದರೆ ಹೇಳುವುದೇ ಬೇಡ.

ಇದಕ್ಕೆ ತಕ್ಷಣದ ಉಪಾಯ ಸುಲಭ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ, ಅನಂತರ ಊಟ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಅಂಗಡಿಯ ಗುಮಾಸ್ತರಿಗೆ ಈ ಮಾತನ್ನು ಮೊದಲೇ ತಿಳಿಸಿಡುವುದು ಮಾಲೀಕರ ಹೊಣೆ. ತೂಕ ಇಳಿಸಲು ಆರಂಭಿಸುವ ಮುನ್ನವೇ ಮಧುಮೇಹ ಹಾಗೂ ರಕ್ತದೊತ್ತಡದ ಔಷಧಗಳ ಪ್ರಮಾಣವನ್ನು ವೈದ್ಯರೊಡನೆ ಚರ್ಚಿಸಬೇಕು.

ಉಪವಾಸದ ಪರಂಪರೆ ಕಲಿಸುವ ಪಾಠ

ಹಸಿವಿಗೂ ನಾಲಗೆಗೂ ಇರುವ ನಂಟನ್ನು ನಮ್ಮ ಹಿರಿಯರು ಅರಿಯದವರಲ್ಲ. ರಂಜಾನಿನ ರೋಜಾದಲ್ಲಿ ಅನ್ನನೀರು ಬಿಡುವುದರ ಜೊತೆಗೆ ಜಗಳ, ಕೆಟ್ಟ ಮಾತುಗಳಿಂದ ದೂರವಿರುವುದೂ ನಿಯಮದ ಭಾಗ. ಜೈನ ಬಂಧುಗಳು ದಶಲಕ್ಷಣ ಪರ್ವದ ಉಪವಾಸಗಳ ತರುವಾಯ ಕ್ಷಮಾವಾಣಿಯ ದಿನ ಪರಸ್ಪರ ಕ್ಷಮೆ ಕೋರುತ್ತಾರೆ. ಶ್ರಾವಣದ ಉಪವಾಸವನ್ನು ಪೂಜೆ, ಪುರಾಣಗಳ ಜೊತೆಗೇ ಕೈಗೊಳ್ಳುತ್ತಾರೆ. ಊಟ ಬಿಟ್ಟವನಿಗೆ ಸಂಯಮದ ಆಸರೆ ಬೇಕೆಂಬ ತಿಳಿವು ಈ ಎಲ್ಲ ಆಚರಣೆಗಳಲ್ಲಿಯೂ ಇದೆ. ಆಧುನಿಕ ಪಥ್ಯದ ಪಟ್ಟಿಯಲ್ಲಿ ಕ್ಯಾಲೊರಿಯ ಲೆಕ್ಕವಿರುತ್ತದೆ, ಈ ಆಸರೆ ಮಾತ್ರ ಇರುವುದಿಲ್ಲ. ಅದನ್ನು ನಾವೇ ಒದಗಿಸಿಕೊಳ್ಳಬೇಕು.

ಕೈಗೊಳ್ಳಬೇಕಾದ ಕ್ರಮಗಳು

ಮೊದಲನೆಯದಾಗಿ, ವ್ಯಾಪಾರದ ಹಂಗಾಮು ನೋಡಿ ಆರಂಭಿಸಿರಿ. ಹೊಸ ತೊಗರಿಯ ಆವಕ ಜೋರಾಗಿರುವ ಜನವರಿಯಿಂದ ಮಾರ್ಚ್‌ವರೆಗಿನ ಕಾಲ, ಅದರೊಂದಿಗೇ ಬರುವ ಆರ್ಥಿಕ ವರ್ಷದ ಕೊನೆ, ಗಂಜ್‌ನವರಿಗೂ ಮಿಲ್ಲಿನವರಿಗೂ ಸೂಕ್ತವಲ್ಲ. ಬೀಜ, ಗೊಬ್ಬರದ ವ್ಯಾಪಾರಿಗಳಿಗೆ ಜೂನ್-ಜುಲೈ ಆಗದು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕಠಿಣ ಪಥ್ಯ ಯಾರಿಗೂ ಬೇಡ.

ಎರಡನೆಯದಾಗಿ, ನಿಧಾನವೇ ಲಾಭ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ವಾರಕ್ಕೆ ಅರ್ಧ ಕಿಲೋ ಇಳಿಕೆಯನ್ನು ಸುರಕ್ಷಿತವೆಂದು ಹೇಳುತ್ತದೆ. ದಿನದ ಆಹಾರ 1000 ಕ್ಯಾಲೊರಿಗಿಂತ ಕಡಿಮೆಯಾಗಬಾರದೆಂದೂ ಎಚ್ಚರಿಸುತ್ತದೆ. ಮೊದಲ ವಾರ ಎರಡು ಮೂರು ಕಿಲೋ ಇಳಿದರೆ ಅದರಲ್ಲಿ ಹೆಚ್ಚಿನದು ನೀರಿನ ತೂಕ. ಆ ಹಿಗ್ಗಿನಲ್ಲಿ ಪಥ್ಯವನ್ನು ಇನ್ನಷ್ಟು ಬಿಗಿಗೊಳಿಸಬಾರದು. ಅನಂತರ ತೂಕ ಕೆಲ ವಾರ ನಿಂತಲ್ಲೇ ನಿಂತರೆ ನಿರಾಶರಾಗಲೂಬಾರದು. ತೀರ ಅವಸರದ ಇಳಿಕೆಯಿಂದ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವವೂ ಇದೆ.

ಮೂರನೆಯದಾಗಿ, ನಮ್ಮ ನೆಲದ ಆಹಾರವನ್ನು ನಂಬಿರಿ. ಜೋಳದ ರೊಟ್ಟಿಯನ್ನು ಬಿಡಬೇಕಿಲ್ಲ, ಸಂಖ್ಯೆ ಇಳಿಸಿದರೆ ಸಾಕು. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬೇಳೆ, ಪುಂಡಿ ಪಲ್ಯ, ಮೊಸರು, ಹಸಿ ತರಕಾರಿಗಳು ಹೊಟ್ಟೆಯನ್ನು ಬಹಳ ಹೊತ್ತು ತುಂಬಿಡುತ್ತವೆ. ಶೇಂಗಾ ಚಟ್ನಿ ಹಿತಮಿತವಾಗಿರಲಿ. ಭೌಗೋಳಿಕ ಸೂಚಿಕೆ ಪಡೆದ ಕಮಲಾಪುರದ ಕೆಂಪು ಬಾಳೆ, ಬಾಳೆಯೆಂಬ ಒಂದೇ ಕಾರಣಕ್ಕೆ ವರ್ಜ್ಯವಲ್ಲ. ಹಸಿದು ಚೌಕಾಸಿಗಿಳಿಯುವ ಬದಲು ಒಂದು ಹಣ್ಣು ತಿಂದು ಮಾತಿಗಿಳಿಯುವುದು ಜಾಣತನ. ಮಧುಮೇಹಿಗಳು ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು.

ನಾಲ್ಕನೆಯದಾಗಿ, ದೊಡ್ಡ ನಿರ್ಧಾರಗಳನ್ನು ಊಟದ ನಂತರಕ್ಕೆ ಇಟ್ಟುಕೊಳ್ಳಿರಿ. ಆಳನ್ನು ಕೆಲಸದಿಂದ ತೆಗೆಯುವುದು, ಪಾಲುದಾರರೊಡನೆ ಲೆಕ್ಕ ತೀರಿಸುವುದು, ಹಳೆಯ ಗಿರಾಕಿಗೆ ಉದ್ದರಿ ನಿಲ್ಲಿಸುವುದು, ಇವನ್ನು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಇಂಥ ವಿಷಯವನ್ನು ಒಂದು ರಾತ್ರಿ ಕಾಯಿಸಿ ಮರುದಿನ ತೀರ್ಮಾನಿಸುವುದು ಒಳಿತು. ಆ ರಾತ್ರಿ ಏಳು ಗಂಟೆಯ ನಿದ್ರೆಯೂ ಇರಲಿ. ನಿದ್ರೆಗೆಟ್ಟರೆ ಹಸಿವೂ ಹೆಚ್ಚುತ್ತದೆ, ಸಿಡುಕೂ ಹೆಚ್ಚುತ್ತದೆ.

ಐದನೆಯದಾಗಿ, ಮನೆಯವರಿಗೂ ನಂಬಿಕಸ್ಥ ಗುಮಾಸ್ತರಿಗೂ ಮೊದಲೇ ತಿಳಿಸಿರಿ. "ಈ ಎರಡು ತಿಂಗಳು ನನ್ನ ಮಾತು ಗಡಸಾದರೆ ಸೂಚಿಸಿ" ಎಂದು ಹೇಳುವುದರಲ್ಲಿ ಸಣ್ಣತನವಿಲ್ಲ. ರೊಟ್ಟಿ ಕೇಂದ್ರಗಳನ್ನು ನಡೆಸುವ ನಮ್ಮ ಮಹಿಳಾ ಉದ್ಯಮಿಗಳಿಗೆ ಇದು ಇನ್ನೂ ಅಗತ್ಯ. ದಿನವಿಡೀ ಒಲೆಯ ಮುಂದಿದ್ದು, ಮನೆಯವರಿಗೆಲ್ಲ ಬಡಿಸಿ, ತಾವು ಮಾತ್ರ ಅರೆಹೊಟ್ಟೆಯಲ್ಲಿರುವವರ ಸಿಟ್ಟನ್ನು ಸ್ವಭಾವವೆಂದು ತಳ್ಳಿಹಾಕುವುದು ಅನ್ಯಾಯ. ಅತಿಯಾದ ಪಥ್ಯದಿಂದ ಋತುಚಕ್ರವೂ ಏರುಪೇರಾಗಬಹುದು.

ಔಷಧಗಳ ವಿಷಯ

ತೂಕ ಇಳಿಸುವ ಔಷಧಗಳ ಚರಿತ್ರೆಯಲ್ಲಿಯೂ ಮನಸ್ಸಿನ ಪ್ರಸ್ತಾಪವಿದೆ. ರಿಮೊನಬಂಟ್ ಎಂಬ ಮಾತ್ರೆಯಿಂದ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಕಂಡುಬಂದುದರಿಂದ 2008ರಲ್ಲಿ ಯೂರೋಪಿನಲ್ಲಿ ಅದರ ಮಾರಾಟ ನಿಂತಿತು. 2009ರಲ್ಲಿ ಭಾರತ ಸರ್ಕಾರವೂ ನಿಷೇಧಿಸಿತು. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಚುಚ್ಚುಮದ್ದು ಹಾಗೂ ಅದೇ ವರ್ಷ ತೂಕ ಇಳಿಸಲೆಂದು ಬಂದ ಸೆಮಾಗ್ಲುಟೈಡ್ ಚುಚ್ಚುಮದ್ದು ಬೇರೆ ಬಗೆಯವು. ಈ ಗುಂಪಿನ ಔಷಧಗಳಿಗೂ ಆತ್ಮಹತ್ಯೆಯ ಯೋಚನೆಗಳಿಗೂ ಕಾರಣ ಸಂಬಂಧವಿದೆಯೆಂಬುದಕ್ಕೆ ಆಧಾರ ದೊರೆಯಲಿಲ್ಲವೆಂದು ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಹೇಳಿದೆ. ಆದರೂ ಇವನ್ನು ವೈದ್ಯರ ಚೀಟಿಯಿಲ್ಲದೆ, ಪರಿಚಯದ ಅಂಗಡಿಯಿಂದ ತಂದು ಬಳಸುವುದು ಸರ್ವಥಾ ಸಲ್ಲದು.

ಎರಡು ವಾರಕ್ಕೂ ಮೀರಿ ಬೇಸರ, ನಿದ್ರಾಹೀನತೆ, ಕೆಲಸದಲ್ಲಿ ನಿರಾಸಕ್ತಿ ಉಳಿದರೆ ಅದನ್ನು ಪಥ್ಯದ ಪರಿಣಾಮವೆಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು. ಜೀವನವೇ ಬೇಡವೆನಿಸಿದರೆ ಒಂದು ದಿನವೂ ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಪ್ರತಿ ಸರಕಿಗೂ ಕೊಂಡ ಬೆಲೆಯ ಮೇಲೆ ಸಾಗಣೆ, ಹಮಾಲಿ, ದಲಾಲಿಗಳನ್ನು ಸೇರಿಸಿ ನಿಜವಾದ ಬೆಲೆ ಕಟ್ಟುವವರು ನಾವು. ತೂಕ ಇಳಿಕೆಯ ಲೆಕ್ಕದಲ್ಲಿಯೂ ಸಿಟ್ಟು, ಬೇಸರಗಳ ಖರ್ಚನ್ನು ಮೊದಲೇ ಬರೆದಿಟ್ಟರೆ ಆರೋಗ್ಯವೂ ಕೈಗೂಡುತ್ತದೆ, ಗಿರಾಕಿಯೂ ಉಳಿಯುತ್ತಾನೆ.