ಪ್ರಾಣಿಗಳ ಆಹಾರ

ಸಸ್ಯಗಳು ಬಿಸಿಲು, ನೀರು, ಗಾಳಿಗಳ ನೆರವಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಪ್ರಾಣಿಗಳಿಗೆ ಆ ಶಕ್ತಿಯಿಲ್ಲ. ಅವು ಸಸ್ಯಗಳನ್ನೋ ಇತರ ಪ್ರಾಣಿಗಳನ್ನೋ ತಿಂದು ಬದುಕಬೇಕು. ತಿನ್ನುವ ಆಹಾರಕ್ಕೆ ಅನುಸಾರವಾಗಿ ಪ್ರಾಣಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ.

ಹಸು, ಆಡು, ಜಿಂಕೆ, ಆನೆ ಇವು ಸಸ್ಯಾಹಾರಿಗಳು. ಹಸುವಿನ ಬಾಯಿಯನ್ನು ಗಮನಿಸಿದ್ದೀರಾ? ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ. ಹಸು ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದು ಬೇಗ ಬೇಗನೆ ನುಂಗುತ್ತದೆ. ಆಮೇಲೆ ಅದನ್ನು ಮತ್ತೆ ಬಾಯಿಗೆ ತಂದುಕೊಂಡು ಅಗಲವಾದ ದವಡೆಹಲ್ಲುಗಳಿಂದ ನುಣ್ಣಗೆ ಅರೆಯುತ್ತದೆ. ಇದನ್ನೇ ಮೆಲುಕು ಹಾಕುವುದು ಎನ್ನುತ್ತೇವೆ.

ಹುಲಿ, ಚಿರತೆಗಳು ಮಾಂಸಾಹಾರಿಗಳು. ಬೇಟೆಯನ್ನು ಹಿಡಿಯಲು ಅವುಗಳಿಗೆ ಚೂಪಾದ ಕೋರೆಹಲ್ಲುಗಳೂ ಉಗುರುಗಳೂ ಇವೆ. ಹುಲ್ಲಿಗಿಂತ ಮಾಂಸ ಬೇಗ ಜೀರ್ಣವಾಗುವುದರಿಂದ ಇವುಗಳ ಕರುಳು ಸಸ್ಯಾಹಾರಿಗಳ ಕರುಳಿನಷ್ಟು ಉದ್ದವಿಲ್ಲ.

ಕರಡಿ ಗೆದ್ದಲನ್ನೂ ತಿನ್ನುತ್ತದೆ, ಜೇನು, ಹಣ್ಣುಗಳನ್ನೂ ತಿನ್ನುತ್ತದೆ. ಕಾಗೆಗೆ ಅನ್ನವೂ ಆಗುತ್ತದೆ, ಇಲಿಯೂ ಆಗುತ್ತದೆ. ಇಂಥವು ಮಿಶ್ರಾಹಾರಿಗಳು.

ಮಾಂಸ ತಿನ್ನುವ ಪ್ರಾಣಿಗಳೆಲ್ಲವೂ ಬೇಟೆಯಾಡುವುದಿಲ್ಲ. ರಣಹದ್ದಿನ ಮುಖ್ಯ ಆಹಾರ ಸತ್ತ ಪ್ರಾಣಿಗಳು. ಅದರ ಜಠರದ ತೀಕ್ಷ್ಣವಾದ ಆಮ್ಲವು ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ. ಊರ ಹೊರಗೆ ಬಿದ್ದ ದನದ ಕಳೇಬರವನ್ನು ರಣಹದ್ದುಗಳ ಹಿಂಡು ಬೇಗನೆ ತಿಂದು ಮುಗಿಸುತ್ತಿತ್ತು.

1990ರ ದಶಕದಲ್ಲಿ ಭಾರತದ ರಣಹದ್ದುಗಳು ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತಲೂ ಹೆಚ್ಚು ಇಲ್ಲವಾದವು. 2004ರಲ್ಲಿ ವಿಜ್ಞಾನಿಗಳು ಕಾರಣವನ್ನು ಪ್ರಕಟಿಸಿದರು. ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಆ ಕಾರಣ. ಔಷಧ ಪಡೆದ ದನ ಕೆಲವು ದಿನಗಳೊಳಗೆ ಸತ್ತರೆ ಅದರ ಅಂಶ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಡುತ್ತವೆ. ತಿನ್ನುವವರಿಲ್ಲದೆ ಕಳೇಬರಗಳು ಕೊಳೆತವು. ಬೀದಿನಾಯಿಗಳಿಗೆ ಅವು ಆಹಾರವಾದವು. ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು.

2006ರಲ್ಲಿ ಸರಕಾರವು ಜಾನುವಾರುಗಳಿಗೆ ಈ ಔಷಧ ಬಳಸುವುದನ್ನು ನಿಷೇಧಿಸಿತು. ಇದರ ಬದಲಿಗೆ ಕೊಡಬಹುದಾದ ಮೆಲಾಕ್ಸಿಕಾಮ್ ರಣಹದ್ದುಗಳಿಗೆ ಹಾನಿ ಮಾಡುವುದಿಲ್ಲ. ನಮ್ಮ ಕೇರಳದಲ್ಲಿ ಈಗ ರಣಹದ್ದುಗಳು ಉಳಿದಿರುವುದು ವಯನಾಡಿನ ಕಾಡುಗಳಲ್ಲಿ ಮಾತ್ರ. ನೆರೆಯ ಮುದುಮಲೆ, ಬಂಡೀಪುರಗಳಲ್ಲಿಯೂ ಅವು ಇವೆ. ಮನೆಯ ದನಕ್ಕೆ ಕಾಯಿಲೆಯಾದಾಗ ಪಶುವೈದ್ಯರನ್ನು ಕೇಳಿಯೇ ಔಷಧ ಕೊಡಬೇಕೆಂದು ಹಿರಿಯರಿಗೆ ತಿಳಿಸಿರಿ. ಅದರಿಂದ ದನಕ್ಕೂ ಒಳಿತು, ರಣಹದ್ದಿಗೂ ಒಳಿತು.

ಅಭ್ಯಾಸ
1. ಹಸುವಿನ ಹಲ್ಲುಗಳಿಗೂ ಹುಲಿಯ ಹಲ್ಲುಗಳಿಗೂ ಇರುವ ವ್ಯತ್ಯಾಸವೇನು?
2. ರಣಹದ್ದುಗಳು ಕಡಿಮೆಯಾದುದರಿಂದ ಮನುಷ್ಯರಿಗೆ ಆದ ತೊಂದರೆಗಳೇನು?
3. ನಿಮ್ಮ ಊರಿನ ಹತ್ತು ಪ್ರಾಣಿ, ಪಕ್ಷಿಗಳ ಆಹಾರವನ್ನು ಗಮನಿಸಿ ಪಟ್ಟಿ ಮಾಡಿರಿ.