ಸರ್ಕಾರವೂ ಒಂದು ಜನರೇಟರ್ ಕೊಂಡಿತ್ತು

ಅಂಗಡಿ ಮುಂದೆ ಜನರೇಟರ್ ಇಟ್ಟವರನ್ನು ನೋಡಿದ್ದೇವೆ, ಮದುವೆ ಛತ್ರದ ಹಿಂದೆ ಹೊಗೆಯುಗುಳುತ್ತ ನಿಂತ ಜನರೇಟರ್ ಗಾಡಿಯನ್ನೂ ನೋಡಿದ್ದೇವೆ. ಆದರೆ ಒಂದು ರಾಜ್ಯವೇ ತನ್ನ ರಾಜಧಾನಿಗಾಗಿ ಜನರೇಟರ್ ತಂದಿಟ್ಟುಕೊಂಡದ್ದು ಎಷ್ಟು ಮಂದಿಗೆ ನೆನಪಿದೆಯೋ! 1990ರ ದಶಕದ ಮೊದಲ ಭಾಗದಲ್ಲಿ ಕರ್ನಾಟಕ ವಿದ್ಯುತ್ ಮಂಡಳಿ, ಅಂದರೆ ಕೆಇಬಿ, ಯಲಹಂಕದಲ್ಲಿ ಆರು ಡೀಸೆಲ್ ಘಟಕಗಳನ್ನು ಕೂರಿಸಿತು. ಎಲ್ಲ ಸೇರಿ ಸುಮಾರು 128 ಮೆಗಾವಾಟ್. ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯವರು ಫುಟ್‌ಪಾತಿನಲ್ಲಿ ಮಾಡುತ್ತಿದ್ದುದನ್ನೇ ಸರ್ಕಾರ ಕಾಂಪೌಂಡು ಹಾಕಿಸಿ ಮಾಡಿತ್ತು, ಅಷ್ಟೆ.

ಅಷ್ಟರಮಟ್ಟಿಗೆ ಯಾಕೆ ಬಂತು ಎಂದು ಕೇಳಿದರೆ ಶಿವನಸಮುದ್ರದ ಜಲವಿದ್ಯುದಾಗಾರದಿಂದ ಶುರುಮಾಡಬೇಕು. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ನೇರ ಕೋಲಾರದ ಚಿನ್ನದ ಗಣಿಗೆ ಒಯ್ದರು. ಬೆಂಗಳೂರಿನ ಮಾರುಕಟ್ಟೆಯ ಬಳಿ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ಆ ದೀಪದ ಬಗ್ಗೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಅದಕ್ಕಿಂತ ಮೊದಲಿನ ಮೂರು ವರ್ಷದ ಮಾತನ್ನು ಎತ್ತುವುದಿಲ್ಲ. ಕರೆಂಟು ಮೊದಲು ಯಾರಿಗೆ ಎಂಬ ಪ್ರಶ್ನೆ ನಮ್ಮಲ್ಲಿ ಕರೆಂಟಿನಷ್ಟೇ ಹಳೆಯದು.

ಮುಂದೆ 1948ರಲ್ಲಿ ಜೋಗದ ವಿದ್ಯುದಾಗಾರ ಬಂತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ಎಲ್ಲವೂ ನೀರು ನಂಬಿದ ಕಸುಬು. ಮಳೆ ಕೈಕೊಟ್ಟರೆ ಕೆಇಬಿಯೂ ಕೈಚೆಲ್ಲುತ್ತಿತ್ತು. ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಉರಿದದ್ದು 1985ರಲ್ಲಿ, ಅದೂ ಎಲ್ಲಿಗೂ ಸಾಲಲಿಲ್ಲ. ಲೋಡ್ ಶೆಡ್ಡಿಂಗ್ ಮನೆಮಾತಾಯಿತು.

ಅಲ್ಲಿಯವರೆಗೆ ಜನರೇಟರ್ ಎಂದರೆ ಸಂಭ್ರಮದ ಸರಕು. ಟೂರಿಂಗ್ ಟಾಕೀಸು ಬಂದರೆ, ಯಕ್ಷಗಾನದ ಡೇರೆ ಮೇಳ ಬಂದರೆ ಅದೂ ಜೊತೆಗೆ ಬರುತ್ತಿತ್ತು. ಗದ್ದೆಯಾಚೆ ಅದರ ಸದ್ದು ಕೇಳಿದರೆ ಆಟ ಇದೆ ಎಂದೇ ಅರ್ಥ. ಅದು ಊರಿಗೆಲ್ಲ ಒಂದೇ ಇರುತ್ತಿತ್ತು. ಅಂಗಡಿಗೊಂದು, ಮನೆಗೊಂದು ಆದದ್ದು ಕೈಯಲ್ಲಿ ಎತ್ತಿಡಬಹುದಾದ ಯಂತ್ರಗಳು ಬಂದ ಮೇಲೆ. 1980ರ ದಶಕದ ಮಧ್ಯದಲ್ಲಿ ಹುಟ್ಟಿದ ಶ್ರೀರಾಮ್ ಹೋಂಡಾದ ಸೀಮೆಎಣ್ಣೆ ಜನರೇಟರುಗಳು ದೇಶದ ತುಂಬ ಹರಡಿದವು.

ಆ ಯಂತ್ರಕ್ಕೊಂದು ಮಡಿ ಇತ್ತು. ಪೆಟ್ರೋಲಿನಲ್ಲಿ ಹಗ್ಗ ಎಳೆದು ಹೊರಡಿಸಬೇಕು, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಒಂದಿಷ್ಟು ಹೊತ್ತು ಓಡಿಸಬೇಕು. ಆ ಕೊನೆಯ ಶಾಸ್ತ್ರ ತಪ್ಪಿಸಿದ ಹುಡುಗ ಮರುದಿನ ಸಂಜೆ ಗಿರಾಕಿಗಳ ಎದುರು ಹಗ್ಗ ಎಳೆದೆಳೆದು ಬೆವರುತ್ತಿದ್ದ. ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ತಣ್ಣಗಿರುವ ಎಂಜಿನ್ ಜಪ್ಪಯ್ಯ ಅಂದರೂ ಹೊತ್ತುವುದಿಲ್ಲ. ಪಡಿತರದ ನೀಲಿ ಸೀಮೆಎಣ್ಣೆ ಬಡವರ ಸ್ಟವ್ ಬಿಟ್ಟು ಇವುಗಳ ಹೊಟ್ಟೆ ಸೇರಿದ್ದೂ ಉಂಟು.

ಕೊಳ್ಳುವಾಗ ಎಡವುವವರು ಅಂದೂ ಇದ್ದರು, ಇಂದೂ ಇದ್ದಾರೆ. ಮನೆಯ ಬಲ್ಬು, ಫ್ಯಾನು, ಟಿವಿಗಳ ವ್ಯಾಟು ಕೂಡಿ ಯಂತ್ರ ತರುತ್ತಾರೆ, ಪಂಪು ಹಾಕಿದ ಕೂಡಲೇ ಅದು ಉಸಿರು ಕಟ್ಟಿ ನಿಲ್ಲುತ್ತದೆ. ಮೋಟಾರು ಓಡುವಾಗ ಎಳೆಯುವ ಕರೆಂಟೇ ಬೇರೆ, ಹೊರಡುವ ಕ್ಷಣದಲ್ಲಿ ಎಳೆಯುವುದೇ ಬೇರೆ. ಅದು ನಾಲ್ಕಾರು ಪಟ್ಟು ಇರುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಕೂಡ ಅದೇ ಜಾತಿ. ಹಾಗೆಂದು ಇರಲಿ ಬಿಡಿ ಎಂದು ಭಾರೀ ಡೀಸೆಲ್ ಯಂತ್ರ ತಂದು ನಾಲ್ಕು ದೀಪ ಉರಿಸಿದರೂ ಕೆಡುಕೇ. ಹೊರೆ ಸಾಲದೆ ಎಣ್ಣೆ ಪೂರ್ತಿ ಉರಿಯದೆ ಒಳಗೆಲ್ಲ ಮಸಿ ಹಿಡಿಯುತ್ತದೆ.

ಇನ್ನು ಮನೆಯನ್ನು ಬೀದಿಯ ಲೈನಿಗೋ ಜನರೇಟರಿಗೋ, ಒಮ್ಮೆಗೆ ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್ ಓವರ್ ಸ್ವಿಚ್. ಅದಿಲ್ಲದೆ ಎರಡೂ ತುದಿಗೆ ಪ್ಲಗ್ ಇರುವ ವೈರು ಮಾಡಿ ಗೋಡೆಯ ಸಾಕೆಟ್ಟಿಗೇ ಜನರೇಟರ್ ಚುಚ್ಚುವ ಜಾಣರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೈನ್ ಆಫ್ ಮಾಡಲು ಮರೆತರೆ ಆ ಕರೆಂಟು ಬೀದಿಯ ಲೈನಿಗೆ ಹಿಂದಕ್ಕೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು 11 ಸಾವಿರ ವೋಲ್ಟಿಗೆ ಏರಿಸಬಲ್ಲದು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುವುದು ಹೀಗೆ. ಮಳೆಗೆ ನೆನೆಯದಿರಲಿ ಎಂದು ಯಂತ್ರವನ್ನು ಒಳಕೋಣೆಯಲ್ಲಿಟ್ಟು ಓಡಿಸಿದರೆ ಸರದಿ ಮನೆಯವರದೇ. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅಂಗಳದಲ್ಲಿ, ಕಿಟಕಿಯಿಂದ ದೂರ ಇಡಬೇಕು, ಬೇರೆ ಉಪಾಯವಿಲ್ಲ.

ಹೊಸ ಸಾವಿರ ಇಸವಿ ಹುಟ್ಟಿದ ಮೇಲೆ ಕೇಂದ್ರ ಸರ್ಕಾರದ ಶಬ್ದ ನಿಯಮ ಬಂತು. ಡೀಸೆಲ್ ಜನರೇಟರಿನ ಗೂಡಿನಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಯಂತ್ರಗಳು ಪೆಟ್ಟಿಗೆಯೊಳಗೆ ಸೇರಿ ಅಪಾರ್ಟ್‌ಮೆಂಟಿನ ಮೂಲೆ ಹಿಡಿದವು. ನನ್ನ ತಕರಾರು ಇಲ್ಲಿದೆ. ಮೊದಲು ಕರೆಂಟು ಹೋದರೆ ಎಂಜಿನಿಯರ್ ಸಾಹೇಬರ ಮನೆಗೂ ಹೋಗುತ್ತಿತ್ತು, ಕಿರಾಣಿ ಅಂಗಡಿಗೂ ಹೋಗುತ್ತಿತ್ತು. ಬೀದಿಯೆಲ್ಲ ಸೇರಿ ಕೆಇಬಿಗೆ ಫೋನ್ ಮಾಡುತ್ತಿತ್ತು, ಅವರು ರಿಸೀವರ್ ಎತ್ತಿಟ್ಟು ಕೂರುತ್ತಿದ್ದರು. ಈಗ ಗದರಿಸಿ ಕೇಳಬಲ್ಲವರ ಮನೆಯಲ್ಲಿ ದೀಪ ಒಮ್ಮೆ ಮಿಟುಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಕರೆಂಟು ಹೋದದ್ದೇ ಅವರಿಗೆ ತಿಳಿಯುವುದಿಲ್ಲ.

ಯಲಹಂಕದ ಸರ್ಕಾರಿ ಜನರೇಟರಿಗೆ ಎಣ್ಣೆಯ ಬೆಲೆಯೇ ಮುಳುವಾಯಿತು. ನೀರಿನಿಂದ ಅಗ್ಗದ ಕರೆಂಟು ಸಿಗುವಾಗ ಅದನ್ನು ಓಡಿಸುವವರಾರು? ಅದು ನಿಂತುಹೋಯಿತು. ಆ ಜಾಗದಲ್ಲೀಗ 370 ಮೆಗಾವಾಟಿನ ಅನಿಲ ಸ್ಥಾವರವಿದೆ. ಸರ್ಕಾರಕ್ಕೆ ಹೊರಲಾಗದ ಆ ಲೆಕ್ಕ ಈಗ ಅಪಾರ್ಟ್‌ಮೆಂಟಿನವರ ತಲೆಗೆ ಬಂದಿದೆ. ಒಂದು ಲೀಟರ್ ಡೀಸೆಲ್ಲಿಗೆ ಮೂರು, ಮೂರೂವರೆ ಯೂನಿಟ್ ಹುಟ್ಟಿದರೆ ಹೆಚ್ಚು. ಹಾಗಾಗಿ ಮೀಟರಿನಲ್ಲಿ ವಿದ್ಯುತ್ ಕಂಪನಿ ಬೆಸ್ಕಾಂನ ಯೂನಿಟ್ ಬೇರೆ, ಡಿಜಿ ಅಂದರೆ ಡೀಸೆಲ್ ಜನರೇಟರಿನ ಯೂನಿಟ್ ಬೇರೆ. ಅಸೋಸಿಯೇಷನ್ ಸಭೆಗೆ ಹೋಗಿ ನೋಡಿ: ಲಿಫ್ಟ್ ಓಡಿಸಲು ಸುಟ್ಟ ಡೀಸೆಲ್ಲಿಗೆ ನಾವೇಕೆ ಕೊಡಬೇಕು ಎಂದು ನೆಲಮಹಡಿಯವರು ಕೇಳುತ್ತಿರುತ್ತಾರೆ.